ಫೈರ್‌ವಾಲ್ ಲಾಗ್‌ಗೆ ಒಂದು ಜಾಗ

ಕೇಳುಗರಿಗೆ ನಮಸ್ಕಾರ.

ಲಿನಕ್ಸ್ ಸರ್ವರ್ ಮುಂದೆ ಕೂತು ಕಮಾಂಡ್ ಟೈಪ್ ಮಾಡುತ್ತಿದ್ದೀರಿ. ಇನ್ನೂ ಅರ್ಧ ಆಗಿಲ್ಲ, ಅಷ್ಟರಲ್ಲಿ ಬೇಡದ ಸಂಪರ್ಕ ತಡೆಯುವ ಫೈರ್‌ವಾಲ್‌ನ ಸಂದೇಶಗಳು ಪರದೆ ತುಂಬಾ ಬಂದು ಬೀಳುತ್ತವೆ. ಬರೆದದ್ದು ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ರೇಗುತ್ತದೆ, ಅಲ್ವಾ? ನಾನೂ ಒಮ್ಮೆ ಸಿಟ್ಟಿನಲ್ಲಿ, ಈ ಸಂದೇಶಗಳನ್ನು ಬರೆಸುವ ಲಾಗ್ ನಿಯಮವನ್ನೇ ಅಳಿಸಿಬಿಟ್ಟೆ. ಮುಂದೆ ಒಂದು ದಿನ ಸಂಪರ್ಕ ಸಿಗದೆ ಒದ್ದಾಡಿದಾಗ, ತಡೆಯುತ್ತಿರುವುದು ಫೈರ್‌ವಾಲೋ ಬೇರೆ ಏನೋ ಎಂದು ನೋಡಲು ಒಂದೇ ಒಂದು ಸಾಲೂ ಇರಲಿಲ್ಲ. ಹಾಗಾಗಿ ದಯವಿಟ್ಟು ಅಳಿಸಬೇಡಿ. ಅದಕ್ಕೊಂದು ಜಾಗ ಮಾಡಿಕೊಡಿ.

ಲಿನಕ್ಸ್‌ನ ಫೈರ್‌ವಾಲ್ ಸಾಧನವಾದ ಐಪಿಟೇಬಲ್ಸ್‌ನಲ್ಲಿ ಈ ಸಾಲುಗಳನ್ನು ಬರೆಯುವುದು ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು. ಕರ್ನಲ್ ಸಂದೇಶಗಳಿಗೆ 0ಯಿಂದ 7ರವರೆಗೆ ದರ್ಜೆಗಳಿವೆ. 0 ಅಂದರೆ ತೀರಾ ತುರ್ತು. ನಾವು ಏನೂ ಹೇಳದಿದ್ದರೆ ಫೈರ್‌ವಾಲ್ ಸಾಲಿಗೆ 4ನೇ ದರ್ಜೆ. ಕನ್ಸೋಲ್, ಅಂದರೆ ಪರದೆಯ, ಮಿತಿಯನ್ನು 4ಕ್ಕೆ ಇಳಿಸಿದರೆ, 4ಕ್ಕಿಂತ ಚಿಕ್ಕ ಅಂಕಿಯವು ಮಾತ್ರ ಪರದೆಗೆ ಬರುತ್ತವೆ. ಉಳಿದವು ಕಳೆದುಹೋಗುವುದಿಲ್ಲ, ಲಾಗ್‌ನಲ್ಲಿ ಇದ್ದೇ ಇರುತ್ತವೆ.

ಆಮೇಲೆ ಪ್ರತಿ ಲಾಗ್ ನಿಯಮಕ್ಕೂ ಒಂದು ಪ್ರಿಫಿಕ್ಸ್, ಅಂದರೆ ಸಾಲಿನ ಮುಂದೆ ಬರುವ ಗುರುತು, ಕೊಡಿ. 29 ಅಕ್ಷರದವರೆಗೂ ಅವಕಾಶ ಇದೆ. ಲಾಗ್ ಬರೆದಿಡುವ ಪ್ರೋಗ್ರಾಂ ಆರ್‌ಸಿಸ್‌ಲಾಗ್‌ಗೆ ಹೇಳಿಟ್ಟರೆ, ಆ ಗುರುತು ಹಿಡಿದು ಅದು ಆ ಸಾಲುಗಳನ್ನು ಬೇರೆ ಫೈಲ್‌ಗೆ ಹಾಕುತ್ತದೆ. ಹಾಕಿದ ಮೇಲೆ ಅಲ್ಲೇ ನಿಲ್ಲಿಸು ಅಂತಲೂ ಹೇಳಬೇಕು. ಇಲ್ಲದಿದ್ದರೆ ಅದೇ ಸಾಲು ಮುಖ್ಯ ಲಾಗ್‌ನಲ್ಲೂ ಸೇರುತ್ತದೆ. ಹಳೆಯ ಫೈಲ್‌ಗಳನ್ನು ಲಾಗ್‌ರೊಟೇಟ್ ಎಂಬ ಇನ್ನೊಂದು ಪ್ರೋಗ್ರಾಂ ನೋಡಿಕೊಳ್ಳುತ್ತದೆ.

ಎಷ್ಟು ಸಾಲು ಬರೆಯಬೇಕು ಅಂತ ಮಿತಿ ಹಾಕುವುದನ್ನಂತೂ ಮರೆಯಬೇಡಿ. ಯಾರೋ ಸಾವಿರಾರು ಪೋರ್ಟ್, ಅಂದರೆ ಸಂಪರ್ಕದ ಬಾಗಿಲು, ತಟ್ಟುತ್ತಾ ಹೋದರೆ, ಪ್ರತಿ ತಟ್ಟಿಗೂ ಒಂದು ಸಾಲು ಬರೆದು ಡಿಸ್ಕ್ ತುಂಬುವುದು ನಮ್ಮದೇ ಯಂತ್ರ. ಐಪಿಟೇಬಲ್ಸ್‌ನ ಲಿಮಿಟ್ ಸುಮ್ನೆ ಸೇರಿಸಿದರೆ ಮೊದಲ 5 ಸಾಲು ಬಿಡುತ್ತದೆ, ಆಮೇಲೆ ಗಂಟೆಗೆ 3. ಇದು ತುಂಬಾ ಕಡಿಮೆ. ನಾನು ನಿಮಿಷಕ್ಕೆ 5 ಇಡುತ್ತೇನೆ. ಲಾಗ್ ನಿಯಮ, ಪ್ಯಾಕೆಟ್ ಬಿಸಾಡುವ ಡ್ರಾಪ್ ನಿಯಮಕ್ಕಿಂತ ಮೇಲಿರಲಿ. ಡ್ರಾಪ್ ಆದ ಪ್ಯಾಕೆಟ್ ಮುಂದಿನ ಸಾಲಿಗೆ ಬರುವುದೇ ಇಲ್ಲ.

ಈಗ ಫೈಲ್ ತೆರೆದು ಒಂದು ಸಾಲು ಓದಿ. ಎಸ್‌ಆರ್‌ಸಿ ಅಂದರೆ ಎಲ್ಲಿಂದ ಬಂತು, ಡಿಪಿಟಿ ಅಂದರೆ ಯಾವ ಪೋರ್ಟ್‌ಗೆ. ಡಿಪಿಟಿ 22 ಅಥವಾ 23 ಇದ್ದರೆ, ಯಾರೋ ಲಾಗಿನ್ ಆಗಲು ನೋಡುತ್ತಿದ್ದಾರೆ. ಇಂಟರ್ನೆಟ್‌ಗೆ ತೆರೆದ ಯಂತ್ರಕ್ಕೆ ಇದು ದಿನನಿತ್ಯದ ಗಲಾಟೆ. ಆದರೆ ಎಸ್‌ಆರ್‌ಸಿ ಜಾಗದಲ್ಲಿ ನಿಮ್ಮದೇ ಯಂತ್ರದ ವಿಳಾಸ ಇದ್ದು, ಹೊರಗೆ ಹೋಗಲು ನೋಡಿ ತಡೆಯಲ್ಪಟ್ಟಿದ್ದರೆ, ಬೇರೆ ಕೆಲಸ ಬದಿಗಿಟ್ಟು ಅದು ಯಾವ ಪ್ರೋಗ್ರಾಂ ಎಂದು ಮೊದಲು ಹುಡುಕಿ.

ನಮಸ್ಕಾರ.