ರಾತ್ರಿ ಕೂತ ಮುಚ್ಚಳ ಬೆಳಿಗ್ಗೆ ಕೂರಲಿಲ್ಲ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಪ್ಲಾಸ್ಟಿಕ್ ಸಾಮಾನಿಗೆ ಅಚ್ಚು ಮಾಡುವ ಸಣ್ಣ ಶೆಡ್ ನನ್ನದು. ನಿಮ್ಮಲ್ಲಿ ಹಲವರು ಇನ್ನೇನು ಹೂಟಗಳ್ಳಿ, ಕೂರ್ಗಳ್ಳಿ ಕಡೆ ಕೆಲಸಕ್ಕೆ ಸೇರುವವರು. ಅದಕ್ಕೇ ಇವತ್ತು ಒಂದು ಮುಚ್ಚಳದ ವಿಷಯ ಹೇಳುತ್ತೇನೆ.

200 ಮಿಲಿಮೀಟರ್ ಉದ್ದದ ತಗಡಿನ ಪೆಟ್ಟಿಗೆ. ಅದರ ಮೇಲೆ ಕೂರುವ ಮುಚ್ಚಳಕ್ಕೆ ನಾವು ಅಚ್ಚು ಮಾಡಬೇಕಿತ್ತು. ಮೊದಲ ಟ್ರಯಲ್ ಆದಾಗ ರಾತ್ರಿ ಹತ್ತು ಗಂಟೆ. ಮುಚ್ಚಳ ಇನ್ನೂ ಕೈಗೆ ಬಿಸಿ. ಪೆಟ್ಟಿಗೆ ಮೇಲಿಟ್ಟು ಒತ್ತಿದರೆ ಟಪ್ ಅಂತ ಕೂತಿತು. ಗ್ರಾಹಕರಿಗೆ ಫೋಟೋ ಕಳಿಸಿ ಮನೆಗೆ ಹೋದೆವು. ಬೆಳಿಗ್ಗೆ ಬಂದು ಅದೇ ಮುಚ್ಚಳ ಇಟ್ಟರೆ ಅಂಚಿಗೆ ಬಂದು ನಿಂತುಬಿಟ್ಟಿತು. ವರ್ನಿಯರ್ ಹಿಡಿದರೆ ಒಂದು ಮಿಲಿಮೀಟರ್‌ಗಿಂತ ಜಾಸ್ತಿ ಚಿಕ್ಕದು.

ಆಮೇಲೆ ಎರಡು ಗಂಟೆ ನಾವು ಮಾಡಿದ್ದು ತಪ್ಪು. ಒಬ್ಬರು ಪ್ರೆಶರ್ ಏರಿಸಿದರು, ಇನ್ನೊಬ್ಬರು ತಣಿಯುವ ಸಮಯ ಹೆಚ್ಚಿಸಿದರು, ನಾನು ಟೆಂಪರೇಚರ್ ಮುಟ್ಟಿದೆ. ಕೊನೆಗೆ ನಮ್ಮ ಹಿರಿಯ ಆಪರೇಟರ್ ಮೆಷಿನ್ ನಿಲ್ಲಿಸಿದರು. "ಸಾರ್, ಯಾವುದನ್ನ ಬದಲಾಯಿಸಿದ್ದಕ್ಕೆ ಎಷ್ಟು ಆಯ್ತು ಅಂತ ಯಾರಿಗಾದ್ರೂ ಗೊತ್ತಾ?" ಅಂದರು. ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಒಂದೊಂದನ್ನೇ ಬದಲಾಯಿಸಿ, ಬರೆದುಕೊಂಡು, ಆರಿದ ಮೇಲೆ ಅಳೆದೆವು. ಸ್ವಲ್ಪ ಸುಧಾರಿಸಿತು, ಆದರೆ ಸಾಲಲಿಲ್ಲ. ಅಂದರೆ ತೊಂದರೆ ಮೆಷಿನ್‌ನದ್ದಲ್ಲ.

ಪ್ಲಾಸ್ಟಿಕ್ ಕಾಳಿನ ಚೀಲದ ಮೇಲಿನ ಗ್ರೇಡ್, ಅಂದರೆ ಅದು ಯಾವ ಬಗೆಯದು ಅನ್ನುವುದನ್ನು ಓದಿದಾಗ ಗೊತ್ತಾಯಿತು. ನಾವು ಲೆಕ್ಕ ಹಾಕಿದ್ದು ಟಾಲ್ಕ್ ಪುಡಿ ಬೆರೆಸಿದ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್‌ಗೆ, ಅಂದರೆ ಪಿಪಿಗೆ. ಅದು ಆರಿದಾಗ ಸುಮಾರು 1% ಕುಗ್ಗುತ್ತದೆ. ಬಂದಿದ್ದು ಟಾಲ್ಕ್ ಇಲ್ಲದ್ದು. ಅದು 1.5ರಿಂದ 2% ಕುಗ್ಗುತ್ತದೆ. ಗ್ರಾಹಕರೂ ನಾನೂ ಮಾತಾಡಿದ್ದು ಬರೀ 'ಪಿಪಿ' ಅಂತಲೇ. ಡ್ರಾಯಿಂಗ್‌ನಲ್ಲಿ ಗ್ರೇಡ್ ಬರೆಸಿಕೊಳ್ಳಬೇಕಾದದ್ದು ನಾನು. ಬರೆಸಿಕೊಂಡಿರಲಿಲ್ಲ.

ಮುಚ್ಚಳದ ಒಳ ಅಳತೆ ಕೊಡುವುದು ಅಚ್ಚಿನ ಕೋರ್, ಅಂದರೆ ಮುಚ್ಚಳದ ಒಳಭಾಗಕ್ಕೆ ಆಕಾರ ಕೊಡುವ ಲೋಹದ ತುಂಡು. ಕೋರ್ ದಪ್ಪ ಇದ್ದರೆ ಅರ್ಧ ದಿನದಲ್ಲಿ ತೆಳ್ಳಗೆ ಮಾಡಬಹುದು. ಚಿಕ್ಕದಾಗಿಬಿಟ್ಟರೆ ವೆಲ್ಡಿಂಗ್ ಹೊಡೆಸಿ, ಮತ್ತೆ ಮಿಲ್ಲಿಂಗ್, ಮತ್ತೆ ಪಾಲಿಶ್. ಇಲ್ಲವಾದರೆ ಹೊಸ ಕೋರ್. ಅದಕ್ಕೇ ಹಳೆಯ ಅಚ್ಚುಗಾರರು ಮೊದಲ ಟ್ರಯಲ್‌ಗೆ ಕೋರ್‌ನಲ್ಲಿ ಸ್ವಲ್ಪ ಲೋಹ ಜಾಸ್ತಿಯೇ ಬಿಡುತ್ತಾರೆ. ನಾವು ಬಿಟ್ಟಿರಲಿಲ್ಲ, ಹೊಸ ಕೋರ್ ಮಾಡಬೇಕಾಯಿತು.

ಗ್ರಾಹಕರಿಗೆ ಫೋನ್ ಮಾಡುವುದು ಎಲ್ಲಕ್ಕಿಂತ ಕಷ್ಟ, ಅಲ್ವಾ? ಹಿಂದಿನ ರಾತ್ರಿಯಷ್ಟೇ ಫೋಟೋ ಕಳಿಸಿದ್ದೇನೆ. ಎರಡು ದಿನ ತಡೆದು ನೋಡೋಣ ಅಂತ ಮನಸ್ಸು ಹೇಳುತ್ತದೆ. ಆದರೆ ಅವರ ಪೆಟ್ಟಿಗೆ ಕೆಲಸ ಅಷ್ಟರಲ್ಲಿ ಮುಂದೆ ಹೋಗಿಬಿಡುತ್ತದೆ. ಅವತ್ತು ಮಧ್ಯಾಹ್ನವೇ ಹೇಳಿದೆ. ಏನಾಯಿತು, ಯಾರ ತಪ್ಪು, ಇನ್ನೆಷ್ಟು ದಿನ ಬೇಕು, ಎಲ್ಲ. ಬೈದರು. ಆದರೆ ತಮ್ಮ ಜೋಡಣೆ ಕೆಲಸವನ್ನು ಅಷ್ಟು ದಿನ ಹಿಂದಕ್ಕೆ ಹಾಕಿಕೊಂಡರು.

ಈ ಸೀಮೆಯಲ್ಲಿ ಇದಕ್ಕಿಂತ ಎಷ್ಟೋ ದೊಡ್ಡ ಕೆಲಸಗಳಿಗೂ ಹೀಗೇ ಆಗಿದೆ. ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು. ಮಳೆಗಾಲದಲ್ಲಿ ಏನೂ ತೊಂದರೆ ಇಲ್ಲ. ಬೇಸಿಗೆಯಲ್ಲಿ ಹೊಳೆ ಇಳಿದರೆ ಕರೆಂಟ್ ಸಾಲದು. 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗಲು ನೀರಾವರಿಯ ಜೊತೆ ಈ ಕೊರತೆಯೂ ಒಂದು ಕಾರಣ. ಹೊಳೆಯ ಲೆಕ್ಕ ತಿಳಿಯಬೇಕಾದರೆ ಬೇಸಿಗೆ ನೋಡಬೇಕು. ಪ್ಲಾಸ್ಟಿಕ್‌ನದ್ದು ತಿಳಿಯಬೇಕಾದರೆ ಮರುದಿನ ಬೆಳಿಗ್ಗೆ ನೋಡಬೇಕು.

ಈಗ ನಮ್ಮ ಶೆಡ್‌ನಲ್ಲಿ ಕಿಟಕಿ ಪಕ್ಕ ಒಂದು ಹಲಗೆ ಹೊಡೆಸಿದ್ದೇವೆ. ಪ್ರತಿ ಟ್ರಯಲ್‌ನ ಐದು ಪೀಸ್ ಅಲ್ಲಿ ಕೂರುತ್ತವೆ. ಪ್ರತಿಯೊಂದರ ಮೇಲೆ ಮಾರ್ಕರ್‌ನಲ್ಲಿ ಗಂಟೆ ಮತ್ತು ಗ್ರೇಡ್ ಬರೆದಿರುತ್ತದೆ. ಇಪ್ಪತ್ನಾಲ್ಕು ಗಂಟೆ ಆದ ಮೇಲೆ ಆಪರೇಟರ್ ಅಳೆದು ಸಹಿ ಹಾಕುತ್ತಾರೆ. ಗ್ರಾಹಕರಿಗೆ ಫೋಟೋ ಹೋಗುವುದು ಅದಾದ ಮೇಲೆ. ಒಂದು ದಿನ ಬಿಡುವು ಮಾಡಿಕೊಂಡು ಬನ್ನಿ, ತೋರಿಸುತ್ತೇನೆ.