ಬೆಳಿಗೆ ಎಣ್ಣಿ ಹೊಡಿಯುವಾಗ ತಲಿ ತಿರುಗಿದ್ರ

ನಮಸ್ಕಾರ್ರೀ ಎಲ್ಲಾರಿಗೂ. ನಮ್ಮ ಸಿಂಧನೂರು, ಮಾನ್ವಿ ಕಡೆ ಭತ್ತಕ್ಕ, ಹತ್ತಿಗೆ ಎಣ್ಣಿ (ಕೀಟನಾಶಕ) ಹೊಡಿಯೋ ಮನುಷ್ಯ ತಲಿ ಹಿಡ್ಕೊಂಡು ಕುಂತ್ರ ಎಲ್ಲಾರೂ ಬಿಸಿಲಿನ ಮ್ಯಾಲ ಹಾಕ್ತಾರ, ನೆಳ್ಳಿಗೆ ಕುಂದ್ರು, ಒಂಚೂರು ನೀರು ಕುಡಿ ಅಂತಾರ. ರಾಯಚೂರು ಬಿಸಿಲು ನೋಡ್ರಿ, ಹಂಗ ಅನ್ಸೋದು ಸಹಜ. ಆದ್ರ ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್ ಅಂಥವು ಹೊಡದಾಗ ಬಾಯಾಗ ಜೊಲ್ಲು ಸುರೀತಿದ್ರ, ವಾಂತಿ ಆದ್ರ, ಕಣ್ಣಿನ ಪಾಪೆ ಸೂಜಿ ಮೊನಿಯಷ್ಟು ಸಣ್ಣಗಾದ್ರ, ತೋಳು ತೊಡಿ ಮಾಂಸ ತಾನಾಗೇ ಅದುರಾಕತ್ತಿದ್ರ ಅದು ವಿಷ ಅಂತನೇ ತಿಳ್ಕೋರಿ.

ವಿಷ ಏರಾಕ ಕುಡೀಬೇಕಂತೇನಿಲ್ಲ. ಬೆನ್ನಿಗೆ ಹಾಕ್ಕೊಂಡ ಪಂಪು ಸೋರಿ ಅಂಗಿ ತೊಯ್ದಿರ್ತದಲ್ರಿ, ಆ ಅಂಗಿ ಮೈಮ್ಯಾಲ ಇರೋತನಕ ತೊಗಲಿನಿಂದ ಒಳಗ ಇಳೀತಾನೇ ಇರ್ತದ. ಅದಕ್ಕ ಹೊಲದಿಂದ ಆಚಿ ಕರ್ಕೊಂಡ್ ಬಂದು ಮೊದಲು ಬಟ್ಟಿ ಬಿಚ್ಚಿಸ್ರಿ, ನಾಚಿಕಿ ಗೀಚಿಕಿ ಆಮ್ಯಾಲ. ಬಿಚ್ಚೋರು ಕೈಗೆ ಪ್ಲಾಸ್ಟಿಕ್ ಕವರಾದ್ರೂ ಕಟ್ಕೋರಿ, ಇಲ್ಲಾಂದ್ರ ನಿಮಗೂ ತಾಗ್ತದ. ಸೋಪು ಹಚ್ಚಿ 15 ನಿಮಿಷ ನೀರು ಸುರೀರಿ, ತಲಿಗೂದಲು, ಕಂಕುಳ, ಉಗುರಿನ ಸಂದಿ ಬಿಡಬ್ಯಾಡ್ರಿ. ತಲಿ ತಿರುಗೋ ಮನುಷ್ಯನ್ನ ಕಾಲುವಿಗೆ ಮಾತ್ರ ಇಳಸಬ್ಯಾಡ್ರಿ, ನೀರು ತುಂಬ್ಕೊಂಡ್ ಬಂದು ಹೊರಗ ಸುರೀರಿ. ಕಣ್ಣಿಗೆ ಸಿಡಿದಿದ್ರ ರೆಪ್ಪಿ ಅಗಲಿಸಿ ಕುಡಿಯೋ ನೀರಿನಿಂದ ಅಷ್ಟೇ ಹೊತ್ತು ತೊಳೀರಿ, ಉಜ್ಜಬ್ಯಾಡ್ರಿ.

ಹೊಟ್ಟಿಗೆ ಹೋಗಿದ್ರ ಉಪ್ಪುನೀರು, ಹುಣಸಿನೀರು ಕುಡಿಸಿ, ಗಂಟಲಾಗ ಬೆರಳು ಹಾಕಿ ವಾಂತಿ ಮಾಡ್ಸೋದು ನಮ್ಮಾಗ ಇನ್ನೂ ಐತಿ. ಕೈ ಮುಗೀತೀನ್ರಿ, ಅದು ಬ್ಯಾಡ. ಎಷ್ಟೋ ಎಣ್ಣಿಯೊಳಗ ಸೀಮೆಎಣ್ಣಿ ಜಾತಿಯ ದ್ರಾವಣ ಇರ್ತದ, ವಾಂತಿ ಜೊತಿ ಅದು ಶ್ವಾಸಕೋಶಕ್ಕ ಹೊಕ್ರ ಇನ್ನೊಂದು ಅನಾಹುತ. ಹಾಲು, ತುಪ್ಪನೂ ಕುಡಿಸಬ್ಯಾಡ್ರಿ. ಎಚ್ಚರ ತಪ್ಪಿದ್ದು ಉಸಿರು ಆಡ್ತಿದ್ರ ಎಡಮಗ್ಗಲಿಗೆ ಮಲಗಿಸ್ರಿ.

ಇಷ್ಟೆಲ್ಲಾ ನಡೀತಿರುವಾಗ್ಲೇ ಒಬ್ರು 108ಕ್ಕ ಫೋನ್ ಹಚ್ಚಿರಬೇಕು, ತೊಳದು ಮುಗೀಲಿ ಅಂತ ಕಾಯೋದಲ್ಲ. ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ನಂಬರ್ 1800 116 117, ದುಡ್ಡು ಬೀಳಂಗಿಲ್ಲ. ದವಾಖಾನಿಗೆ ಹೋಗುವಾಗ ಬಾಟ್ಲಿ ಒಯ್ರಿ, ಲೇಬಲ್ ಹರಿದಿದ್ರೂ ಒಯ್ರಿ. ಕ್ಲೋರ್‌ಪೈರಿಫಾಸ್‌ನಂಥ ವಿಷಕ್ಕ ಡಾಕ್ಟರ್ ಕೊಡೋ ಅಟ್ರೋಪಿನ್ ಇಂಜೆಕ್ಷನ್ ಎಲ್ಲಾ ವಿಷಕ್ಕೂ ನಡೆಯಂಗಿಲ್ಲ, ಪ್ಯಾರಾಕ್ವಾಟ್ ಅನ್ನೋ ಕಳೆನಾಶಕಕ್ಕಂತೂ ಪ್ರತಿವಿಷನೇ ಇಲ್ಲ. ನಾವು ಒಂದೇ ಟ್ಯಾಂಕಿಗೆ ಎರಡ್ಮೂರು ಎಣ್ಣಿ ಕಲಸೋ ಮಂದಿ ಬ್ಯಾರೆ, ಕಲಸಿದ್ದು ಎಷ್ಟೋ ಅಷ್ಟೂ ಬಾಟ್ಲಿ ಡಾಕ್ಟರ್ ಮುಂದ ಇಡ್ರಿ.