ಗಾಳಿಯಲ್ಲಿರುವ ನೈಟ್ರೋಜನ್ ಗಿಡಕ್ಕೆ ಯಾಕೆ ಸಿಗುವುದಿಲ್ಲ?

ಕೇಳುಗರೇ, ನಮಸ್ಕಾರ.

ಒಂದು ಸಲ ಉಸಿರು ಎಳೆದುಕೊಳ್ಳಿ. ಅದರಲ್ಲಿ ಶೇಕಡಾ 78ರಷ್ಟು ನೈಟ್ರೋಜನ್. ಹೋದ ಹಾಗೇ ವಾಪಸ್ ಬರುತ್ತದೆ. ಗಿಡಕ್ಕೂ ಅಷ್ಟೇ. ಸುತ್ತಲೂ ಅದೇ ತುಂಬಿದ್ದರೂ ನಾವು ದುಡ್ಡು ಕೊಟ್ಟು ಯೂರಿಯಾ ತಂದು ಹಾಕಬೇಕು. ಯಾಕೆಂದರೆ ಗಾಳಿಯಲ್ಲಿ ನೈಟ್ರೋಜನ್ ಪರಮಾಣುಗಳು ಎರಡೆರಡಾಗಿ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಆ ಹಿಡಿತಕ್ಕೇ ಸಹವೇಲೆನ್ಸೀಯ ಬಂಧ ಅನ್ನುವುದು.

ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಳ್ಳುತ್ತವೆ ಅಂತ ಸ್ಕೂಲಲ್ಲಿ ಓದಿದ್ದೇವೆ, ಅಲ್ವಾ? ಜೋಡಿ ಎಲೆಕ್ಟ್ರಾನಿನ ಈ ವಿಚಾರವನ್ನು 1916ರಲ್ಲಿ ಮುಂದಿಟ್ಟವರು ಅಮೆರಿಕದ ಗಿಲ್ಬರ್ಟ್ ಲೂಯಿಸ್. ತಪ್ಪೇನಿಲ್ಲ. ಆದರೆ ಹಂಚಿಕೊಳ್ಳುವುದು ಅಂದ ಕೂಡಲೇ ಬಸ್ಸಿನಲ್ಲಿ ಸ್ವಲ್ಪ ಸರಿದು ಜಾಗ ಕೊಟ್ಟಂತೆ ಏನೋ ಒಳ್ಳೆಯತನ ಅನಿಸಿಬಿಡುತ್ತದೆ. ಅಲ್ಲಿರುವುದು ಬರೀ ಎಳೆದಾಟ.

ಹೈಡ್ರೋಜನ್ ನೋಡಿ. ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್, ಅಷ್ಟೇ ಅದರ ಸಂಸಾರ. ಇಂಥ ಎರಡು ಹತ್ತಿರ ಬಂದಾಗ ಇದರ ಪ್ರೋಟಾನ್ ಅದರ ಎಲೆಕ್ಟ್ರಾನನ್ನೂ ಎಳೆಯುತ್ತದೆ, ಅದರದ್ದು ಇದರದ್ದನ್ನು ಎಳೆಯುತ್ತದೆ, ಹೀಗಾಗಿ ಮಂಜಿನ ಹಾಗೆ ಹರಡಿಕೊಂಡಿದ್ದ ಎಲೆಕ್ಟ್ರಾನುಗಳು ನಡುವಿನ ಜಾಗದಲ್ಲಿ ದಟ್ಟವಾಗಿ ಎರಡೂ ಪ್ರೋಟಾನುಗಳನ್ನು ತಮ್ಮ ಕಡೆಗೆ ಸೆಳೆದಿಟ್ಟುಕೊಳ್ಳುತ್ತವೆ. ತೀರಾ ಹತ್ತಿರ ಬಂದರೆ ಪ್ರೋಟಾನುಗಳೇ ಒಂದನ್ನೊಂದು ತಳ್ಳುತ್ತವೆ. ಎಳೆತವೂ ತಳ್ಳಾಟವೂ ಸಮ ಆಗುವ ದೂರ 74 ಪಿಕೋಮೀಟರ್. ಒಂದು ಮಿಲಿಮೀಟರನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲಿ 74 ಪಾಲು!

ಇನ್ನೊಂದು ಮಾತು. ಬಂಧ ಮುರಿದಾಗ ಶಕ್ತಿ ಹೊರಗೆ ಬರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾನೂ ಎಷ್ಟೋ ವರ್ಷ ಹಾಗೇ ಅಂದುಕೊಂಡಿದ್ದೆ. ಉಲ್ಟಾ ಅದು. ಕೂಡಿದಾಗ ಬರುತ್ತದೆ, ಮುರಿಯುವುದಕ್ಕೆ ನಾವು ಕೊಡಬೇಕು. ಗ್ಯಾಸ್ ಒಲೆಗೆ ಲೈಟರಿನ ಕಿಡಿ ಬೇಕಾಗುವುದೂ ಅದಕ್ಕೇ.

ಈಗ ನೈಟ್ರೋಜನ್ನಿಗೆ ಬರೋಣ. ಹೈಡ್ರೋಜನ್ನಿನಲ್ಲಿ ಇದ್ದದ್ದು ಒಂದೇ ಜೋಡಿ ಎಲೆಕ್ಟ್ರಾನ್. ಇಲ್ಲಿ ಮೂರು ಜೋಡಿ. 28 ಗ್ರಾಂ ನೈಟ್ರೋಜನ್ನಿನ ಬಂಧಗಳನ್ನೆಲ್ಲ ಮುರಿಯಲು ಸುಮಾರು 945 ಕಿಲೋಜೌಲ್ ಬೇಕು. ಅಷ್ಟೇ ಸಂಖ್ಯೆಯ ಹೈಡ್ರೋಜನ್ ಬಂಧಗಳಿಗೆ 436 ಸಾಕು. ಅದಕ್ಕೇ ಗೊಬ್ಬರಕ್ಕೆ ಬೇಕಾದ ಅಮೋನಿಯಾ ಮಾಡುವ ಕಾರ್ಖಾನೆಯಲ್ಲಿ ಕಬ್ಬಿಣದ ವೇಗವರ್ಧಕ ಇಟ್ಟುಕೊಂಡೂ 400 ಡಿಗ್ರಿಗಿಂತ ಜಾಸ್ತಿ ಬಿಸಿ ಮಾಡಬೇಕು, ಗಾಳಿಯ ಒತ್ತಡದ ನೂರು ಪಟ್ಟಿಗೂ ಮೀರಿ ಒತ್ತಬೇಕು.

ಅದೇ ಕೆಲಸವನ್ನು ಶೇಂಗಾ ಬೇರಿನ ಗಂಟಿನೊಳಗಿನ ರೈಜೋಬಿಯಂ ಬ್ಯಾಕ್ಟೀರಿಯಾ ಹೊಲದ ತಣ್ಣಗಿನ ಮಣ್ಣಿನಲ್ಲೇ ಮಾಡಿ ಮುಗಿಸುತ್ತವೆ, ಗಿಡ ಕೊಟ್ಟ ಸಕ್ಕರೆಯ ಬಲದಲ್ಲಿ. ಗಿಡ ಹಸಿರಾಗಿರುವಾಗ ಒಂದನ್ನು ಕಿತ್ತು, ಆ ಗಂಟನ್ನು ಉಗುರಿನಿಂದ ಒಡೆದು ನೋಡಿ. ಒಳಗೆ ಕೆಂಪಗಿದ್ದರೆ ಕೆಲಸ ನಡೀತಾ ಇದೆ ಅಂತ.

ನಮಸ್ಕಾರ.